ಕೊನೆಯ ಎರಡು ಇಂಚು: ಕಾಂಪೌಂಡ್ ಬಿಲ್ಲುಗಾರರ ಮೊದಲ ಸಾಂಪ್ರದಾಯಿಕ ಬಿಲ್ಲು

ಬೆಂಗಳೂರಿನ ಕಾಂಪೌಂಡ್ ಬಿಲ್ಲುಗಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ ಇದು. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಕೊನೆಯಲ್ಲಿ ಸೇರಿಸಿದೆ.

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಚ್ಚಿನವರು 50 ಮೀಟರ್ ದೂರದಿಂದ 80 ಸೆಂಟಿಮೀಟರ್ ಅಗಲದ ಗುರಿಯ ಫೇಸ್‌ಗೆ ಹೊಡೆಯುವವರು. ಪೀಪ್ (ಹೆದೆಯಲ್ಲಿನ ಇಣುಕುಗಿಂಡಿ), ಸ್ಕೋಪ್ (ಗುರಿ ನೋಡುವ ಮಸೂರ), ರಿಲೀಸ್ (ಹೆದೆ ಬಿಡುವ ಟ್ರಿಗರ್ ಸಾಧನ), ಸ್ಟೆಬಿಲೈಸರ್ (ಬಿಲ್ಲು ಅಲುಗದಂತೆ ಹಾಕುವ ಕೋಲು) ಯಾವುದನ್ನೂ ನಿಮಗೆ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕಾಂಪೌಂಡಿನ ಹಾಗೆ ತುದಿಯಲ್ಲಿ ರಾಟೆಗಳಿಲ್ಲದ ಸಾಂಪ್ರದಾಯಿಕ ಬಿಲ್ಲು (ತುದಿ ಮುಂದಕ್ಕೆ ಬಾಗಿದ ರಿಕರ್ವ್, ನೀಳ ಲಾಂಗ್‌ಬೋ) ಕೊಳ್ಳಬೇಕು ಅಂತ ಮನಸ್ಸು ಮಾಡಿದವರು ಸಾಮಾನ್ಯವಾಗಿ ಕೇಳುವುದು ಎರಡೇ: ಯಾವ ಕಂಪನಿಯದು, ಎಷ್ಟು ಪೌಂಡಿನದು, ಅಂದರೆ ಎಳೆಯಲು ಎಷ್ಟು ಭಾರ. ಎರಡನೆಯದಕ್ಕೆ ಉತ್ತರವನ್ನೂ ಅವರೇ ತಂದಿರುತ್ತಾರೆ. "ಕಾಂಪೌಂಡಲ್ಲಿ 55 ಎಳೀತೀನಿ ಸಾರ್, ಇದರಲ್ಲಿ 50 ಆರಾಮಾಗಿ ಎಳೀಬಹುದು." ಎಳೆಯಬಹುದು, ನಿಜ. ಆದರೆ ಎಳೆದು, ಹಿಡಿದು, ಗುರಿಯಿಟ್ಟು, ಅರವತ್ತನೆಯ ಬಾಣವನ್ನೂ ಮೊದಲನೆಯದರ ಹಾಗೆಯೇ ಬಿಡಲು ಆಗುವುದಿಲ್ಲ.

ಕಾರಣ ಇರುವುದು ಸೆಳೆತದ ಕೊನೆಯ ಎರಡು ಇಂಚಿನಲ್ಲಿ. ವಿಶ್ವ ಆರ್ಚರಿ ಸಂಸ್ಥೆಯ ನಿಯಮದಲ್ಲಿ ಕಾಂಪೌಂಡ್‌ಗೆ ಮಿತಿ 60 ಪೌಂಡ್. 80 ಶೇಕಡ ಲೆಟ್-ಆಫ್ (ಪೂರ್ತಿ ಎಳೆದಾಗ ಇಳಿಯುವ ಭಾರ) ಇದ್ದರೆ ಆ 60 ಪೌಂಡ್ ನಿಮ್ಮ ಕೈಗೆ ಸಿಗುವುದು ಸೆಳೆತದ ನಡುಭಾಗದಲ್ಲಿ, ಅದೂ ಕ್ಷಣಮಾತ್ರ. ತುದಿಯ ರಾಟೆ, ಅಂದರೆ ಕ್ಯಾಮ್, ಹೊರಳಿದ ಮೇಲೆ ಉಳಿಯುವುದು 12 ಪೌಂಡ್. ಅದರಾಚೆ ಗೋಡೆ, ಬೇಕೆಂದರೂ ಇನ್ನೊಂದು ಅರ್ಧ ಇಂಚು ಎಳೆಯಲಾಗದು. ರಿಕರ್ವ್‌ನಲ್ಲೂ ಲಾಂಗ್‌ಬೋದಲ್ಲೂ ಇದು ಪೂರ್ತಿ ತಿರುಗುಮುರುಗು. ಮೊದಲ ಇಂಚು ಹಗುರ, ಕೊನೆಯ ಇಂಚು ಅತಿ ಭಾರ, ಗೋಡೆ ಅನ್ನುವುದೇ ಇಲ್ಲ. 40 ಪೌಂಡಿನ ರಿಕರ್ವ್ ಹಿಡಿದು ಗುರಿಯಿಡುವಾಗ ಬೆರಳ ಮೇಲಿರುವುದು 40 ಪೌಂಡ್. ನೀವು ಇಷ್ಟು ವರ್ಷ ಗುರಿಯಿಡುವಾಗ ಹಿಡಿದಿದ್ದರ ಮೂರು ಪಟ್ಟಿಗಿಂತ ಹೆಚ್ಚು. ತುಂಬಿದ ಬಿಂದಿಗೆಯನ್ನು ಎತ್ತಿ ಸೊಂಟಕ್ಕಿಟ್ಟುಕೊಳ್ಳುವುದಕ್ಕೂ ಅದನ್ನೇ ಕೈಚಾಚಿ ಹಿಡಿದು ನಿಲ್ಲುವುದಕ್ಕೂ ಇರುವಷ್ಟು ವ್ಯತ್ಯಾಸ.

ಅಮೆರಿಕದ ಹಾಲೆಸ್ ವಿಲ್ಬರ್ ಅಲೆನ್ 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಪೇಟೆಂಟ್ ಪಡೆದ ಕಾಂಪೌಂಡ್ ಬಿಲ್ಲು ಬಗೆಹರಿಸಿದ್ದು ಈ ಕೊನೆಯ ಇಂಚುಗಳ ಭಾರವನ್ನೇ. ಈಗ ನೀವು ಆ ಪರಿಹಾರವನ್ನು ಬೇಕಂತಲೇ ಬಿಟ್ಟು ಬರುತ್ತಿದ್ದೀರಿ. ಹಾಗಾದರೆ ಪೌಂಡು, ಬಿಲ್ಲಿನ ಉದ್ದ, ಜಾತಿ, ಬಾಣ ಎಲ್ಲವನ್ನೂ ಈ ಎರಡು ಇಂಚನ್ನು ಮುಂದಿಟ್ಟುಕೊಂಡೇ ಆರಿಸಬೇಕು.

ಮೊದಲು ನಿಮ್ಮ ಸೆಳೆತ ಅಳೆಯಿರಿ

ಕಾಂಪೌಂಡ್ ಮಾಡ್ಯೂಲಿನ ಮೇಲೆ 29 ಅಂತ ಬರೆದಿದೆ, ಅದೇ ನನ್ನ ಡ್ರಾ ಲೆಂಗ್ತ್ (ಸೆಳೆತದ ಉದ್ದ) ಅಂದುಕೊಳ್ಳಬೇಡಿ. ಅಲ್ಲಿ ಡಿ-ಲೂಪಿಗೆ (ಹೆದೆಯ ಮೇಲಿನ ಕುಣಿಕೆ) ರಿಲೀಸ್ ಸಿಕ್ಕಿಸಿ ದವಡೆಯ ಹಿಂದೆ ಆಂಕರ್ ಮಾಡುತ್ತೀರಿ, ಅಂದರೆ ಎಳೆದ ಕೈಯನ್ನು ಊರುತ್ತೀರಿ. ಇಲ್ಲಿ ಬೆರಳು ನೇರವಾಗಿ ಹೆದೆಯ ಮೇಲೆ, ಆಂಕರ್ ಬಾಯಿಯ ಮೂಲೆಯಲ್ಲಿ, ತಲೆ ತುಸು ಮುಂದೆ, ಹಲವರಿಗೆ ಬಿಲ್ಲೂ ಒಂದಿಷ್ಟು ಓರೆ. ಇಷ್ಟೆಲ್ಲ ಸೇರಿ ಸೆಳೆತ ಸಾಮಾನ್ಯವಾಗಿ ಒಂದರಿಂದ ಎರಡು ಇಂಚು ಕಮ್ಮಿಯಾಗುತ್ತದೆ.

ಅಳೆಯಲು 20 ಪೌಂಡ್ ಆಸುಪಾಸಿನ ಯಾವುದಾದರೂ ಕಲಿಕೆಯ ಬಿಲ್ಲು ಸಾಕು. ಕತ್ತರಿಸದ ಉದ್ದನೆಯ ಬಾಣವೊಂದಕ್ಕೆ ಅರ್ಧರ್ಧ ಇಂಚಿಗೆ ಗುರುತು ಹಾಕಿ. ಟ್ಯಾಬ್ (ಬೆರಳ ಕವಚ) ಹಾಕಿಕೊಂಡು, ಕಣ್ಣು ಮುಚ್ಚಿ ಎಳೆದು ಆಂಕರ್‌ಗೆ ಬನ್ನಿ. ಹಿಡಿಯ ಅತಿ ತಗ್ಗಾದ ಜಾಗದ ನೇರಕ್ಕೆ ಯಾವ ಗುರುತು ಬಂತು ಅಂತ ಪಕ್ಕದಲ್ಲಿ ನಿಂತವರು ನೋಡಲಿ. ಐದಾರು ಸಲ ಮಾಡಿ ಸರಾಸರಿ ತೆಗೆಯಿರಿ. ನಾಕ್‌ನ (ಬಾಣದ ಬಾಲದಲ್ಲಿ ಹೆದೆ ಕೂರುವ ತುದಿ) ಸೀಳಿನಿಂದ ಆ ಗುರುತಿನವರೆಗಿನ ಅಳತೆಗೆ 1.75 ಇಂಚು ಸೇರಿಸಿದರೆ ಬಿಲ್ಲಿನ ಚೀಟಿಯ ಲೆಕ್ಕಕ್ಕೆ ಹೊಂದುವ ಸೆಳೆತ ಸಿಗುತ್ತದೆ. ಕಣ್ಣು ಮುಚ್ಚಲು ಹೇಳಿದ್ದಕ್ಕೆ ಕಾರಣವಿದೆ: ಕಣ್ಣು ಬಿಟ್ಟಿದ್ದರೆ ಕಾಂಪೌಂಡ್ ಅಭ್ಯಾಸದಲ್ಲಿ ಪೀಪ್ ಹುಡುಕಿಕೊಂಡು ತಲೆ ಹಿಂದಕ್ಕೆ ಹೋಗುತ್ತದೆ, ಅಳತೆ ಸುಳ್ಳಾಗುತ್ತದೆ.

ಬಿಲ್ಲಿನ ಮೇಲೆ ಬರೆದಿರುವ ಪೌಂಡ್ 28 ಇಂಚಿನ ಸೆಳೆತಕ್ಕೆ ಸಂಬಂಧಿಸಿದ್ದು. ಕೊನೆಯ ಭಾಗದಲ್ಲಿ ಇಂಚಿಗೆ ಸುಮಾರು ಎರಡೂವರೆ ಪೌಂಡ್ ಏರಿಳಿತ ಹಿಡಿದರೆ, 40 ಅಂತ ಬರೆದ ಬಿಲ್ಲು 27 ಇಂಚು ಎಳೆಯುವವರಿಗೆ 37ರಿಂದ 38, 26 ಎಳೆಯುವವರಿಗೆ 35. 30 ಇಂಚು ಎಳೆಯುವವರಿಗೆ ಅದೇ ಬಿಲ್ಲು 45.

ಎಷ್ಟು ಪೌಂಡ್?

ಕಾಂಪೌಂಡ್‌ನಲ್ಲಿ 50ರಿಂದ 60 ಎಳೆಯುವ ಆರೋಗ್ಯವಂತ ಗಂಡಸಿಗೆ ಅವರದೇ ಸೆಳೆತದಲ್ಲಿ 30ರಿಂದ 35 ಪೌಂಡ್. 40ರಿಂದ 45 ಎಳೆಯುವ ಹೆಣ್ಣುಮಕ್ಕಳಿಗೆ 24ರಿಂದ 28. ಮೊದಲ ಬಿಲ್ಲಿಗೆ 40 ಮೇಲ್ಮಿತಿ. ಅದನ್ನು ದಾಟುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

"ಇಂಟರ್ನೆಟ್ಟಲ್ಲಿ ಎಲ್ಲರೂ 45, 50 ಅಂತಾರಲ್ಲ?" ಅಂತ ಕೇಳುತ್ತಾರೆ. ಅದರಲ್ಲಿ ಬಹುಪಾಲು ಅಮೆರಿಕದ ಬೇಟೆಗಾರರ ಮಾತು. ಅಲ್ಲಿ ಎಷ್ಟೋ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಬಿಲ್ಲು ಕನಿಷ್ಠ ಇಷ್ಟು ಪೌಂಡ್ ಇರಲೇಬೇಕು ಅನ್ನುವ ಕಾನೂನಿದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಗೇ ನಿಷೇಧ. ನಾವು ಹೊಡೆಯುವುದು ಫೋಮಿಗೆ, ಹುಲ್ಲಿನ ಬುಟ್ಟಕ್ಕೆ (ಬಾಣ ನಾಟುವ ದಿಂಡು). 28 ಪೌಂಡಿನ ಬಾಣವೂ ಅದಕ್ಕೆ ನೆಟ್ಟಗೆ ನಾಟುತ್ತದೆ.

ಇನ್ನೊಂದು ತಪ್ಪು ನಂಬಿಕೆ ವೇಗದ್ದು. ನಿಮ್ಮ ಕಾಂಪೌಂಡ್ ಸೆಕೆಂಡಿಗೆ 280 ಅಡಿ ಬಿಡುತ್ತಿರಬಹುದು. ಒಳ್ಳೆಯ ರಿಕರ್ವ್ ಪೌಂಡಿಗೆ 10 ಗ್ರೇನ್ (ಬಾಣ ತೂಗುವ ಚಿಕ್ಕ ಅಳತೆ) ತೂಕದ ಬಾಣವನ್ನು ಸುಮಾರು 165ರಿಂದ 175 ಅಡಿ ವೇಗದಲ್ಲಿ ಬಿಡುತ್ತದೆ. ಪೌಂಡ್ ಏರಿಸಿದರೆ ಈ ಅಂತರ ತುಂಬುತ್ತದೆ ಅಂದುಕೊಳ್ಳುತ್ತಾರೆ. ಆದರೆ 35ರಿಂದ 45ಕ್ಕೆ ಏರಿದಾಗ ಬಾಣವನ್ನೂ 350 ಗ್ರೇನಿಂದ 450ಕ್ಕೆ ಏರಿಸಿದರೆ ವೇಗ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಬಾಣ ಏರಿಸದಿದ್ದರೆ ಒಂದಿಷ್ಟು ವೇಗ ಸಿಗುತ್ತದೆ, ಆದರೂ ಕಾಂಪೌಂಡಿನ ಹತ್ತಿರಕ್ಕೂ ಹೋಗುವುದಿಲ್ಲ. ಕಮಾನಿನಂತೆ ಬಾಗಿ ಹೋಗುವ ದಾರಿ ಈ ಬಿಲ್ಲುಗಳ ಗುಣ. ಅದನ್ನು ಒಪ್ಪಿಕೊಂಡೇ ಗುರಿಯಿಡಲು ಕಲಿಯಬೇಕು.

ಕೊಳ್ಳುವ ಮೊದಲು ಒಂದು ಪರೀಕ್ಷೆ. ಬಾಣ ಹೂಡಿ, ಬುಟ್ಟಕ್ಕೆ ಮೂರು ಮೀಟರ್ ದೂರದಲ್ಲಿ ನಿಂತು, ಪೂರ್ತಿ ಎಳೆದು ಹತ್ತು ಸೆಕೆಂಡ್ ಹಿಡಿಯಿರಿ, ನಿಧಾನ ಇಳಿಸಿ. ಅರ್ಧ ನಿಮಿಷ ಬಿಟ್ಟು ಮತ್ತೆ. ಹೀಗೆ ಐದು ಸಲ. ಪಕ್ಕದಲ್ಲಿ ನಿಂತವರು ನೋಡಬೇಕಾದ್ದು ಮೂರು. ಬಿಲ್ಲು ಹಿಡಿದ ಕೈಯ ಭುಜ ಕಿವಿಯ ಕಡೆಗೆ ಏರುತ್ತಿದೆಯೇ? ಗದ್ದ ಹೆದೆಯನ್ನು ಹುಡುಕಿಕೊಂಡು ಮುಂದೆ ಬರುತ್ತಿದೆಯೇ? ಬಾಣದ ಮೊನೆ ಶೆಲ್ಫಿನಿಂದ (ಬಿಲ್ಲಿನಲ್ಲಿ ಬಾಣ ಕೂರುವ ಅಂಚು) ಮುಂದಕ್ಕೆ ತೆವಳುತ್ತಿದೆಯೇ? ನಾಲ್ಕನೆಯ ಸಲಕ್ಕೇ ಮೊನೆ ಅರ್ಧ ಇಂಚು ತೆವಳಿದರೆ ಆ ಬಿಲ್ಲು ನಿಮಗೆ ಭಾರ. ಕಾಂಪೌಂಡ್‌ನಲ್ಲಿ ಗೋಡೆ ನಿಮ್ಮನ್ನು ಹಿಡಿದಿಡುತ್ತದೆ. ಇಲ್ಲಿ ಅರ್ಧ ಇಂಚು ತೆವಳಿದರೆ ಒಂದೂಕಾಲು ಪೌಂಡ್ ಹೋಯಿತು, ಬಾಣ ಕೆಳಗೆ ಬಿತ್ತು.

ಭಾರದ ಬಿಲ್ಲು ಕೊಂಡವರಿಗೆ ಆಗುವುದು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ. ಮೊದಲು ಸೆಳೆತ ಒಂದು ಇಂಚು ಮೊಟಕಾಗುತ್ತದೆ. ಆಮೇಲೆ ಆಂಕರ್ ಮುಟ್ಟುವ ಮೊದಲೇ ಬೆರಳು ಬಿಡುವ ಚಟ ಅಂಟುತ್ತದೆ. ಅದರ ಬೆನ್ನಿಗೇ ಹೆದೆಯನ್ನು ಮುಖದಿಂದ ಆಚೆಗೆ ಕಿತ್ತು ಬಿಡುವುದು, ಕೊನೆಗೆ ಮೊಣಕೈ ಅಥವಾ ಭುಜದ ನೋವು. ಬೆರಳು ತಾನಾಗಿ ಬಿಡುವ ಚಟ ಒಮ್ಮೆ ಕೂತರೆ ಬಿಡಿಸುವುದು ಬಲು ಕಷ್ಟ, ಕಾಂಪೌಂಡಿಗೆ ಮರಳಿದರೂ ಟ್ರಿಗರ್ ಗುದ್ದುವ ರೂಪದಲ್ಲಿ ಬೆನ್ನು ಹತ್ತುತ್ತದೆ.

ತಕ್ಕಡಿ ತನ್ನಿ

ಚೀಟಿಯನ್ನು ನಂಬದೆ ತೂಗಿ ನೋಡಿ. ವಿಮಾನದ ಲಗೇಜ್ ತೂಗುವ ಡಿಜಿಟಲ್ ತಕ್ಕಡಿ ಸಾಕು. ಎಸ್‌ಪಿ ರಸ್ತೆಯಲ್ಲಿ ಸಿಗುವ 50 ಕಿಲೋ ಮಿತಿಯದೇ ಆದೀತು. ಒಂದು ಕಿಲೋ ಅಂದರೆ 2.2 ಪೌಂಡ್; 16 ಕಿಲೋ ತೋರಿಸಿದರೆ 35 ಪೌಂಡ್. ತಕ್ಕಡಿಯ ಕೊಕ್ಕೆಯನ್ನು ಹೆದೆಯ ನಡುವೆ, ನಾಕಿಂಗ್ ಪಾಯಿಂಟಿನ (ಬಾಣ ಹೂಡುವ ಗುರುತು) ಕೆಳಗೆ ಸಿಕ್ಕಿಸಿ. ಗುರುತು ಹಾಕಿದ ಬಾಣ ಹೆದೆಯ ಮೇಲಿರಲಿ. ಒಬ್ಬರು ಬಿಲ್ಲು ಹಿಡಿಯಲಿ, ಇನ್ನೊಬ್ಬರು ತಕ್ಕಡಿಯನ್ನು ನಿಧಾನ ಎಳೆಯಲಿ, ಮೂರನೆಯವರು ಓದಿ ಬರೆದುಕೊಳ್ಳಲಿ. ತಕ್ಕಡಿಯ ಪಟ್ಟಿ ಗಟ್ಟಿಯಿದೆಯೇ ಅಂತ ಮೊದಲೇ ಜಗ್ಗಿ ನೋಡಿ. ನಡುವೆ ಕಿತ್ತರೆ ಬಿಲ್ಲೂ ಹೋಗುತ್ತದೆ, ಮುಖಕ್ಕೂ ಪೆಟ್ಟು.

ಬರೀ 28ಕ್ಕೆ ತೂಗಿ ನಿಲ್ಲಿಸಬೇಡಿ. 24ರಿಂದ ಶುರು ಮಾಡಿ ಪ್ರತಿ ಇಂಚಿಗೂ ಬರೆದುಕೊಳ್ಳಿ, ನಿಮ್ಮ ಸೆಳೆತಕ್ಕಿಂತ ಒಂದಿಂಚು ಆಚೆಗೆ ನಿಲ್ಲಿಸಿ. ಅದೂ ತಯಾರಕರು ಹೇಳಿದ ಗರಿಷ್ಠ ಸೆಳೆತ ಮೀರದ ಹಾಗೆ. ಉದಾಹರಣೆಗೆ 35 ಪೌಂಡಿನ ಬಿಲ್ಲು: 25ಕ್ಕೆ ಇಪ್ಪತ್ತೇಳೂವರೆ, 26ಕ್ಕೆ 30, 27ಕ್ಕೆ ಮೂವತ್ತೆರಡೂವರೆ, 28ಕ್ಕೆ 35. ಇಂಚಿಗೆ ಎರಡೂವರೆಯಂತೆ ಹದವಾಗಿ ಏರುತ್ತಿದೆ, ಸರಿ. 29ಕ್ಕೆ ನೋಡಿದರೆ ಒಮ್ಮೆಗೇ 39 ಬಂತು ಅನ್ನಿ. ನಾಲ್ಕು ಪೌಂಡ್ ಜಿಗಿತ. ಬಿಲ್ಲು ಬಾಗುವಷ್ಟು ಬಾಗಿ ಮುಗಿದಿದೆ ಅಂತ ಅರ್ಥ. ಇದನ್ನೇ ಸ್ಟ್ಯಾಕಿಂಗ್ ಅನ್ನುವುದು. 27 ಎಳೆಯುವವರಿಗೆ ಈ ಬಿಲ್ಲು ಚಿನ್ನ, 29 ಎಳೆಯುವವರಿಗೆ ಶತ್ರು. ಅಂಗಡಿಯ ವಿವರಣೆಯಲ್ಲಿ ಇದು ಸಿಗುವುದಿಲ್ಲ, ಕೈಯಾರೆ ತೂಗಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಬಿಲ್ಲಿನ ಉದ್ದ ಮುಖ್ಯವಾಗುವುದೂ ಇಲ್ಲೇ. ಕಾಂಪೌಂಡ್ ಆಕ್ಸಲ್‌ನಿಂದ ಆಕ್ಸಲ್‌ಗೆ 33, 36 ಇಂಚು ಇರುವುದನ್ನು ನೋಡಿ ರೂಢಿಯಾದವರಿಗೆ 58 ಇಂಚಿನ ರಿಕರ್ವೇ ಉದ್ದ ಅನ್ನಿಸುತ್ತದೆ. ಚಿಕ್ಕ ಬಿಲ್ಲಿನಲ್ಲಿ ಪೂರ್ತಿ ಎಳೆದಾಗ ಹೆದೆಯ ಕೋನ ಚೂಪಾಗಿ ಮೂರು ಬೆರಳನ್ನೂ ಒಟ್ಟಿಗೆ ಹಿಂಡುತ್ತದೆ, ಬೆರಳು ನಾಕನ್ನು ಹಿಂಡುತ್ತದೆ, ಬಾಣ ಶೆಲ್ಫಿನಿಂದ ಎದ್ದು ಬೀಳುತ್ತದೆ. ರಿಲೀಸ್ ಬಳಸುವಾಗ ಈ ತೊಂದರೆ ಇರಲೇ ಇಲ್ಲ, ಹಾಗಾಗಿ ಹೊಳೆಯುವುದೂ ಇಲ್ಲ. ನಿಮ್ಮ ಸೆಳೆತ 26 ಇಂಚಾದರೆ ಬಿಲ್ಲು 60ಕ್ಕೆ ಕಮ್ಮಿ ಬೇಡ. 27, 28ಕ್ಕೆ 62ರಿಂದ 64. 29, 30ಕ್ಕೆ 66ರಿಂದ 68. ಅನುಮಾನ ಬಂದರೆ ಉದ್ದದ ಕಡೆಗೇ ವಾಲಿ. ಎರಡು ಇಂಚು ಉದ್ದವಾದರೆ ವೇಗ ಒಂಚೂರು ಕಮ್ಮಿಯಾದೀತು, ಬೆರಳು ಬದುಕುತ್ತದೆ.

ಯಾವ ಜಾತಿ?

ಸ್ಪರ್ಧೆಯ ಆಸೆ ಇದ್ದರೆ ಐಎಲ್ಎಫ್ (ಬಿಡಿಭಾಗ ಜೋಡಿಸುವ ಸಮಾನ ಮಾದರಿ) ರಿಕರ್ವ್ ತಗೊಳ್ಳಿ, ಬೇರ್‌ಬೋ ಆಡಿ. ರೈಸರ್ (ಹಿಡಿಯಿರುವ ನಡುಭಾಗ) ಒಂದು ಕಂಪನಿಯದು, ಲಿಂಬ್ (ಬಾಗುವ ತೋಳು) ಇನ್ನೊಂದರದ್ದಾದರೂ ಕೂರುತ್ತದೆ, ಇದೇ ಅದರ ದೊಡ್ಡ ಅನುಕೂಲ. 25 ಇಂಚಿನ ರೈಸರಿಗೆ ಶಾರ್ಟ್ ಲಿಂಬ್ ಹಾಕಿದರೆ 66, ಮೀಡಿಯಂ ಹಾಕಿದರೆ 68, ಲಾಂಗ್ ಹಾಕಿದರೆ 70 ಇಂಚಿನ ಬಿಲ್ಲು. ಈ ವರ್ಷ 28 ಪೌಂಡಿನ ಅಗ್ಗದ ಲಿಂಬ್, ಕೈ ಕೂತ ಮೇಲೆ 32, 36. ಹಣ ಹಾಕುವುದಿದ್ದರೆ ರೈಸರಿಗೆ ಹಾಕಿ, ಮೊದಲ ಲಿಂಬಿಗೆ ಹಾಕಬೇಡಿ. ಆ ಲಿಂಬ್ ಹೇಗೂ ಕೈ ಬದಲಾಗುವಂಥದ್ದು.

ಐಎಲ್ಎಫ್ ಲಿಂಬಿನ ಚೀಟಿಯಲ್ಲಿ ಒಂದು ಕಿತಾಪತಿ ಇದೆ. "68 ಇಂಚಿಗೆ 38, 66 ಇಂಚಿಗೆ 40" ಅಂತ ಎರಡು ಸಾಲು ಇರುತ್ತದೆ. ಅದೇ ಲಿಂಬು 25 ಇಂಚಿನ ರೈಸರ್ ಮೇಲೆ 38, 23ರ ಮೇಲೆ 40 ಅಂತ ಅರ್ಥ. ಕಾಡಿನ ಬಿಲ್ಲಿನ ಹಾಗೆ ಚಿಕ್ಕದಾಗಿರಲಿ ಅಂತ 19 ಅಥವಾ 17 ಇಂಚಿನ ರೈಸರಿಗೆ ಹಾಕಿದರೆ ಪೌಂಡ್ ಇನ್ನೂ ಏರುತ್ತದೆ. ಎಷ್ಟು ಅನ್ನುವುದು ರೈಸರಿನ ಕೋನದ ಮೇಲೆ ಹೋಗುತ್ತದೆ, ಮತ್ತೆ ತಕ್ಕಡಿಯೇ ಗತಿ. ಲಿಂಬ್ ಬೋಲ್ಟ್ ತಿರುಗಿಸಿ ಪೌಂಡ್ ಇಳಿಸುವುದು ನಿಮಗೆ ಹೊಸದಲ್ಲ. ಆದರೆ ಇಲ್ಲಿ ಸಿಗುವ ವ್ಯಾಪ್ತಿ ಒಟ್ಟು 10 ಶೇಕಡ ಆಸುಪಾಸು. ಕಾಂಪೌಂಡ್ ಧೈರ್ಯದಲ್ಲಿ ಸಡಿಲಿಸುತ್ತಾ ಹೋದರೆ ಬೋಲ್ಟ್ ಕಳಚಿ ಲಿಂಬ್ ಹಾರುತ್ತದೆ. ತಯಾರಕರು ಎಷ್ಟು ಸುತ್ತು ಅಂದಿದ್ದಾರೋ ಅಷ್ಟೇ, ಮೇಲೂ ಕೆಳಗೂ ಸಮ.

ಬೇರ್‌ಬೋದಲ್ಲಿ ಸೈಟ್ ಇಲ್ಲ, ಸ್ಟೆಬಿಲೈಸರ್ ಇಲ್ಲ. ರೈಸರಿಗೆ ತೂಕದ ಬಿಲ್ಲೆ ಹಾಕಬಹುದು, ಆದರೆ ಹೆದೆ ಇಳಿಸಿದ ಬಿಲ್ಲು ತೂಕದ ಸಮೇತ 12.2 ಸೆಂಟಿಮೀಟರ್ ವ್ಯಾಸದ ಬಳೆಯೊಳಗೆ ತೂರಬೇಕು. ದೂರಕ್ಕೆ ತಕ್ಕಂತೆ ಹೆದೆಯ ಮೇಲೆ ಬೆರಳನ್ನು ಕೆಳಗೆ ಸರಿಸುವ ಸ್ಟ್ರಿಂಗ್ ವಾಕಿಂಗ್‌ಗೆ ಅನುಮತಿ ಇದೆ. ಸೈಟ್ ಗುರುತು ಬರೆದಿಟ್ಟುಕೊಳ್ಳುವ ಶಿಸ್ತಿನವರಿಗೆ ಇದು ಬೇಗ ಹಿಡಿಸುತ್ತದೆ.

ಸ್ಪರ್ಧೆಯ ಗೊಡವೆ ಬೇಡ, ಮರದ ಬಿಲ್ಲೇ ಬೇಕು ಅನ್ನುವವರಿಗೆ 62 ಅಥವಾ 64 ಇಂಚಿನ ಮೂರು ತುಂಡಿನ ಟೇಕ್‌ಡೌನ್ ರಿಕರ್ವ್. ಸ್ಯಾಮಿಕ್ ಸೇಜ್ ಈ ವರ್ಗದಲ್ಲಿ ಎಲ್ಲರಿಗೂ ಗೊತ್ತಿರುವ 62 ಇಂಚಿನ ಬಿಲ್ಲು. ಅದೇ ಅಚ್ಚಿನವು ಬೇರೆ ಹೆಸರುಗಳಲ್ಲೂ ಇವೆ. ಲಿಂಬ್ ಐದೈದು ಪೌಂಡಿನ ಅಂತರದಲ್ಲಿ ಸಿಗುತ್ತದೆ. ರೈಸರಿನಲ್ಲಿ ಪ್ಲಂಜರಿಗೆ (ಬಾಣಕ್ಕೆ ಪಕ್ಕದಿಂದ ಒತ್ತು ಕೊಡುವ ಸ್ಪ್ರಿಂಗ್ ಗುಂಡಿ) ತೂತು ಇರುವುದನ್ನೇ ಆರಿಸಿ. ಈಗ ಬೇಡ ಅನ್ನಿಸಬಹುದು. ಬಾಣ ಹೊಂದಿಸಲು ಕೂತಾಗ ಅದರ ಬೆಲೆ ಗೊತ್ತಾಗುತ್ತದೆ.

ಒಂದೇ ತುಂಡಿನ ರಿಕರ್ವ್ ನೋಡಲು ಚೆಂದ, ಕೈಗೆ ನಿಶ್ಶಬ್ದ. ಪೌಂಡ್ ಬದಲಿಸಲಾಗದು ಅನ್ನುವ ಒಂದೇ ಕಾರಣಕ್ಕೆ ಅದು ಎರಡನೆಯ ಬಿಲ್ಲಾಗಲಿ. ಲಾಂಗ್‌ಬೋವನ್ನೂ ಮೊದಲಿಗೆ ತಗೊಳ್ಳಬೇಡಿ. ಸಜ್ಜಾದ ಕಾಂಪೌಂಡ್ ಎರಡೂವರೆ, ಮೂರು ಕಿಲೋ ತೂಗುತ್ತದೆ. ಲಾಂಗ್‌ಬೋ ಅರ್ಧ ಕಿಲೋಗಿಂತ ತುಸು ಹೆಚ್ಚು. ಭಾರದ ಬಿಲ್ಲು ಬೆರಳಿನ ತಪ್ಪನ್ನು ನುಂಗಿಕೊಳ್ಳುತ್ತದೆ, ಹಗುರದ್ದು ಊರಿಗೆಲ್ಲ ಸಾರುತ್ತದೆ. ಅಮೆರಿಕದ ಬಿಲ್ಲುಗಾರ ಹಾವರ್ಡ್ ಹಿಲ್ ಮಾದರಿಯ ನೇರ ಲಾಂಗ್‌ಬೋದಲ್ಲಂತೂ ಬಾಣ ಬಿಟ್ಟ ಮೇಲೆ ಅಂಗೈಗೆ ಬರುವ ಝಟಕಾ ನಿಮಗೆ ಇಷ್ಟವಾಗಲಿಕ್ಕಿಲ್ಲ. ಕುದುರೆ ಸವಾರರ ಬಿಲ್ಲಿಗೆ ಶೆಲ್ಫೇ ಇಲ್ಲ, ಬಾಣ ಕೈಯ ಮೇಲೇ ಹಾಯುತ್ತದೆ. ಹೆಬ್ಬೆರಳಿನ ಸೆಳೆತ ಬೇರೆಯೇ ವಿದ್ಯೆ.

ಬಿದಿರಿನ ಬಿಲ್ಲಿನ ಮಾತು ಬಂದೇ ಬರುತ್ತದೆ. ನಮ್ಮ ದೇಶದ ಸ್ಪರ್ಧೆಯಾದ ಇಂಡಿಯನ್ ರೌಂಡ್‌ನಲ್ಲಿ 50 ಮತ್ತು 30 ಮೀಟರಿಗೆ ಅದರಲ್ಲೇ ಹೊಡೆಯುತ್ತಾರೆ, ನೋಡಿದರೆ ಗೌರವ ಹುಟ್ಟುತ್ತದೆ. ಅಗ್ಗ ಅನ್ನುವ ಕಾರಣಕ್ಕೆ ಮಾತ್ರ ಅದನ್ನು ಆರಿಸಬೇಡಿ. ಹಿಡಿಯ ಪಕ್ಕದಲ್ಲಿ ಕಿಟಕಿ ಕೊರೆದಿರುವುದಿಲ್ಲವಾದ್ದರಿಂದ ಬಾಣ ಬಿಲ್ಲನ್ನು ಬಳಸಿಕೊಂಡು ಬಾಗಿ ಹೋಗಬೇಕು. ಬಾಣದ ಬಿಗಿ ಒಂಚೂರು ಆಚೀಚೆ ಆದರೂ ಪೂರ್ತಿ ಪಕ್ಕಕ್ಕೆ ಬೀಳುತ್ತದೆ. ಕಲಿಸುವವರು ಜೊತೆಗಿದ್ದರೆ ಧಾರಾಳವಾಗಿ ಹಿಡಿಯಿರಿ.

ಹಳೆಯ ಬಿಲ್ಲು ಕೊಳ್ಳುವಾಗ

ಬೆಂಗಳೂರಲ್ಲಿ ಹವ್ಯಾಸ ಬಿಟ್ಟವರ, ಊರು ಬಿಟ್ಟವರ ಬಿಲ್ಲುಗಳು ಕೈ ಬದಲಾಗುತ್ತಲೇ ಇರುತ್ತವೆ. ಹೊರದೇಶದಿಂದ ತರಿಸಿದರೆ ಸಾಗಣೆ, ಸುಂಕ ಸೇರಿ ಬೆಲೆ ಎಲ್ಲಿಗೋ ಹೋಗುವುದರಿಂದ ಹಳೆಯದನ್ನು ನೋಡುವುದು ಜಾಣತನವೇ. ಆದರೆ ನೋಡಲು ಬರಬೇಕು.

ಹೆದೆ ಏರಿಸಿ, ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ. ಹೆದೆ ಮೇಲಿನ ಲಿಂಬಿನ ನಡುವೆ, ಹಿಡಿಯ ನಡುವೆ, ಕೆಳಗಿನ ಲಿಂಬಿನ ನಡುವೆ ಒಂದೇ ಗೆರೆಯಲ್ಲಿ ಹಾಯಬೇಕು. ತುದಿಯಲ್ಲಿ ಒಂದು ಪಕ್ಕಕ್ಕೆ ಸರಿದಿದ್ದರೆ ಲಿಂಬ್ ತಿರುಚಿದೆ. ಕೈಯಲ್ಲಿ ಸರಿಪಡಿಸುತ್ತೇನೆ ಅನ್ನುವ ಮಾತಿಗೆ ಮರುಳಾಗಬೇಡಿ. ಆಮೇಲೆ ಒಂದು ಉಂಡೆ ಹತ್ತಿ ತಗೊಂಡು ಲಿಂಬಿನ ಎರಡೂ ಮೈ, ಎರಡೂ ಅಂಚಿನ ಉದ್ದಕ್ಕೂ ಸವರಿ. ಹತ್ತಿಯ ಎಳೆ ಸಿಕ್ಕಿಕೊಂಡ ಕಡೆ ಗಾಜಿನ ನಾರು ಎದ್ದಿದೆ. ಉದ್ದಕ್ಕೆ ಇರುವ ಕೂದಲೆಳೆಯಂಥ ಗೆರೆ ಹೆಚ್ಚಿನ ಸಲ ಬರೀ ಪಾಲಿಶಿನದು. ಅಡ್ಡಕ್ಕೆ ಇರುವ ಗೆರೆ, ಅಥವಾ ಪದರಗಳ ನಡುವೆ ಉಗುರು ಸಿಕ್ಕುವ ಸೀಳು ಕಂಡರೆ ಬಿಲ್ಲನ್ನು ಮರಳಿ ಕೊಟ್ಟು ಎದ್ದು ಬನ್ನಿ, ಹೆದೆ ಇಳಿಸಲು ಮರೆಯಬೇಡಿ. ತುದಿಯಲ್ಲಿ ಹೆದೆ ಕೂರುವ ತೋಡಿನ ಒಳಗೂ ನೋಡಿ. ತುದಿಗೆ ಹೆಚ್ಚುವರಿ ಪದರ ಕೊಟ್ಟು ಬಲಪಡಿಸದ ಹಳೆಯ ಬಿಲ್ಲಿಗೆ ಫಾಸ್ಟ್‌ಫ್ಲೈಟ್ ಜಾತಿಯ ಹಿಗ್ಗದ ಹೆದೆ ಹಾಕಿದರೆ ತುದಿಯನ್ನೇ ಕೊಯ್ದುಬಿಡುತ್ತದೆ. ಅಂಥದ್ದಕ್ಕೆ ಹಿಗ್ಗುವ ಡ್ಯಾಕ್ರಾನ್ ಹೆದೆಯೇ ಸರಿ.

ಕಾಂಪೌಂಡಿನವರು ಹೆದೆ ಏರಿಸಿ ಇಳಿಸುವ ಕೆಲಸ ಮಾಡಿದವರೇ ಅಲ್ಲ, ಅದೆಲ್ಲ ಬಿಲ್ಲು ಒತ್ತಿ ಹಿಡಿಯುವ ಪ್ರೆಸ್ ಇರುವ ಅಂಗಡಿಯವರ ಪಾಲು. ಹಾಗಾಗಿ ಬಿಲ್ಲಿನ ಜೊತೆಗೇ ಸ್ಟ್ರಿಂಗರ್ ಹಗ್ಗ ಕೊಳ್ಳಿ. ಕಾಲು ತೂರಿಸಿ ತೊಡೆಗೆ ಒತ್ತಿಕೊಂಡು ಏರಿಸುವುದು ಸಿನಿಮಾದಲ್ಲಿ ಚೆನ್ನಾಗಿ ಕಾಣುತ್ತದೆ, ಲಿಂಬ್ ತಿರುಚುವುದು ಬಹುಪಾಲು ಹಾಗೆಯೇ. ಏರಿಸಿದ ಮೇಲೆ ಹಿಡಿಯ ತಗ್ಗಿನಿಂದ ಹೆದೆಗೆ ಇರುವ ಅಂತರ, ಅಂದರೆ ಬ್ರೇಸ್ ಹೈಟ್, ಅಳೆಯಿರಿ. 62 ಇಂಚಿನ ರಿಕರ್ವಿಗೆ ಏಳೂವರೆಯಿಂದ ಎಂಟೂಕಾಲು ಇಂಚಿನೊಳಗೆ ಇರುತ್ತದೆ. ಕೆಳಗಿನಿಂದ ಶುರು ಮಾಡಿ, ಹೆದೆಗೆ ಮೂರು ನಾಲ್ಕು ತಿರುವು ಸೇರಿಸುತ್ತಾ ಬಿಲ್ಲಿನ ಸದ್ದು ಎಲ್ಲಿ ಅತಿ ಕಮ್ಮಿಯಾಗುತ್ತದೋ ಅಲ್ಲಿ ನಿಲ್ಲಿಸಿ. ತೀರ ಕಮ್ಮಿಯಾದರೆ ಹೆದೆ ಮುಂಗೈಗೆ ಬಡಿಯುತ್ತದೆ.

ಬಾಣ

ಮನೆಯಲ್ಲಿರುವ ಕಾಂಪೌಂಡ್ ಬಾಣವನ್ನೇ ಬಳಸುವ ಆಸೆ ಎಲ್ಲರಿಗೂ. ಬೇಡ. ರಿಲೀಸ್ ಬಿಟ್ಟಾಗ ಬಾಣ ಹೆಚ್ಚಾಗಿ ಮೇಲೆ ಕೆಳಗೆ ಬಾಗುತ್ತದೆ. ಬೆರಳಿನಿಂದ ಜಾರಿದ ಹೆದೆ ಪಕ್ಕಕ್ಕೆ ಹೊರಳಿ ಬಾಣವನ್ನು ಪಕ್ಕಕ್ಕೆ ಬಾಗಿಸುತ್ತದೆ. ಆ ಬಾಗುವಿಕೆ ಬಿಲ್ಲಿಗೆ ಹೊಂದಬೇಕು. ನಿಮ್ಮ 350, 400 ಸ್ಪೈನಿನ (ಬಾಣದ ಬಿಗಿಯ ಅಂಕಿ, ಕಮ್ಮಿಯಾದಷ್ಟೂ ಬಿಗಿ) ಬಾಣ 35 ಪೌಂಡಿಗೆ ಕಬ್ಬಿಣದ ಸಲಾಕೆ. ಗರಿಯ ಬದಲಿಗಿರುವ ಪ್ಲಾಸ್ಟಿಕ್ ವೇನ್ ಶೆಲ್ಫಿಗೆ ಬಡಿದು ಬಾಣ ಒದೆಯುವುದು ಬೇರೆ. 35 ಪೌಂಡ್, 28 ಇಂಚಿಗೆ 600 ಅಥವಾ 700 ಸ್ಪೈನಿನ ಕಾರ್ಬನ್ ಶಾಫ್ಟ್, ನಾಲ್ಕು ಅಥವಾ ಐದು ಇಂಚಿನ ಮೂರು ಗರಿ, 100ರಿಂದ 125 ಗ್ರೇನಿನ ಮೊನೆ. ಒಟ್ಟು ತೂಕ ಪೌಂಡಿಗೆ 9ರಿಂದ 10 ಗ್ರೇನ್, ಅಂದರೆ 315ರಿಂದ 350. ತೀರ ಹಗುರ ಬಾಣ ಬಿಟ್ಟರೆ ಶಕ್ತಿಯೆಲ್ಲ ಲಿಂಬಿನಲ್ಲೇ ಉಳಿದು ಬರಿ ಹೆದೆ ಬಿಟ್ಟ ಹಾಗಾಗುತ್ತದೆ.

ಒಂದು ಡಜನ್ ಒಮ್ಮೆಗೇ ಕತ್ತರಿಸಬೇಡಿ. ಎರಡು ಸ್ಪೈನಿನ ಎರಡೆರಡು ಶಾಫ್ಟ್ ತನ್ನಿ, ಪೂರ್ತಿ ಉದ್ದ ಬಿಡಿ. ಗರಿ ಇರುವ ಬಾಣ, ಗರಿ ಇಲ್ಲದ ಬಾಣ ಎರಡನ್ನೂ 10 ಮೀಟರಿನಿಂದ ಬಿಡಿ, ಆಮೇಲೆ 18ರಿಂದ. ಬಲಗೈಯವರಿಗೆ ಗರಿಯಿಲ್ಲದ್ದು ಬಲಕ್ಕೆ ಬಿದ್ದರೆ ಮೆದು, ಎಡಕ್ಕೆ ಬಿದ್ದರೆ ಬಿಗಿ. ಮೆದುವಾದರೆ ಕಾಲು ಇಂಚಿನಂತೆ ಕತ್ತರಿಸುತ್ತಾ ಬನ್ನಿ; ಬಿಗಿಯಾದರೆ ಮೊನೆಯ ತೂಕ ಏರಿಸಿ. ಗರಿಯಿಲ್ಲದ್ದು ಕೆಳಗೆ ಬಿದ್ದರೆ ನಾಕಿಂಗ್ ಪಾಯಿಂಟ್ ಮೇಲಿದೆ. ಶುರುವಿಗೆ ಅದು ನೇರ ಗೆರೆಗಿಂತ ಅರ್ಧ ಇಂಚು ಮೇಲಿರಲಿ, ಮೂರೂ ಬೆರಳು ಬಾಣದ ಕೆಳಗೆ ಹಿಡಿಯುವವರಿಗೆ ಇನ್ನೊಂಚೂರು ಮೇಲೆ. ಒಂದು ಮೋಸ ಗೊತ್ತಿರಲಿ: ತೀರ ಬಿಗಿಯಾದ ಬಾಣ ರೈಸರಿಗೆ ಬಡಿದು ಆಚೆಗೆ ಪುಟಿದು ಮೆದು ಬಾಣದ ಹಾಗೆ ನಾಟುತ್ತದೆ. ಬಿಟ್ಟಾಗ ಟಕ್ ಅಂತ ಸದ್ದು ಬಂದರೆ, ಶಾಫ್ಟಿನ ಮೇಲೆ ಉಜ್ಜಿದ ಗುರುತು ಕಂಡರೆ ಅದೇ. ಹಾಗೆಂದು ತಿಳಿಯದೆ ಕತ್ತರಿಸಿದರೆ ಬಾಣ ಇನ್ನೂ ಬಿಗಿಯಾಗುತ್ತದೆ.

ಪ್ರಶ್ನೆಗಳು

ಎರಡೂ ಬಿಲ್ಲು ಒಟ್ಟಿಗೆ ಅಭ್ಯಾಸ ಮಾಡಬಹುದೇ?

ಮಾಡಬಹುದು, ಒಂದೇ ದಿನ ಬೇಡ. ಆಂಕರ್ ಎರಡು, ತಲೆಯ ಸ್ಥಾನ ಎರಡು. ಮೊದಲ ಕೆಲವು ವಾರ ಫೇಸ್ ಇಲ್ಲದ ಬುಟ್ಟಕ್ಕೆ ಐದು ಮೀಟರಿನಿಂದ ಮಾತ್ರ ಬಿಡಿ. ಪಂದ್ಯಕ್ಕೆ ಎರಡು ವಾರ ಇರುವಾಗ ರಿಕರ್ವ್ ಮುಟ್ಟಬೇಡಿ.

ಬಲಗೈಯವನು, ಆದರೆ ಎಡಗಣ್ಣು ಪ್ರಬಲ. ಕಾಂಪೌಂಡಲ್ಲಿ ತೊಂದರೆ ಆಗಿಲ್ಲ.

ಪೀಪ್ ಇತ್ತು, ಅದರ ಮೂಲಕ ಬಲಗಣ್ಣೇ ನೋಡಬೇಕಿತ್ತು. ಇಲ್ಲಿ ಪೀಪ್ ಇಲ್ಲ. ಎಡಗಣ್ಣು ಬಾಣದ ಮೊನೆಯನ್ನು ಗುರಿಗೆ ಹೊಂದಿಸುತ್ತದೆ, ಬಾಣದ ಹಿಂಭಾಗ ಬಲಗಣ್ಣಿನ ಕೆಳಗಿರುತ್ತದೆ, ಹಾಗಾಗಿ ಬಾಣಗಳು ಗುಂಪಾಗಿ ಎಡಕ್ಕೆ ಬೀಳುತ್ತವೆ. ಎಡಗಣ್ಣು ಮುಚ್ಚಿ ಹೊಡೆಯಬಹುದು. ಪ್ರಾಬಲ್ಯ ತುಂಬಾ ಇದ್ದರೆ ಎಡಗೈ ಬಿಲ್ಲನ್ನೇ ಯೋಚಿಸಿ. ಬೆರಳಿನ ಬಿಡುಗಡೆಯನ್ನು ಹೇಗೂ ಹೊಸದಾಗಿ ಕಲಿಯಬೇಕು. ಯಾರದಾದರೂ ಎಡಗೈ ಬಿಲ್ಲು ಇಸಿದುಕೊಂಡು ನಾಲ್ಕು ದಿನ ನೋಡಿ, ಆಮೇಲೆ ದುಡ್ಡು ಬಿಚ್ಚಿ.

ಕಾಂಪೌಂಡ್ ಯಾವಾಗಲೂ ಕಾರಲ್ಲೇ ಇರುತ್ತೆ. ಇದನ್ನೂ ಇಡಬಹುದೇ?

ಇಡಬೇಡಿ. ಬೆಂಗಳೂರಿನ ಹವೆ ತಂಪು ಅನ್ನುವುದು ಮರದ ನೆರಳಿಗೆ ಸರಿ. ಬಿಸಿಲಲ್ಲಿ ಕಿಟಕಿ ಏರಿಸಿ ನಿಲ್ಲಿಸಿದ ಕಾರಿಗೆ ಅನ್ವಯಿಸುವುದಿಲ್ಲ. ಮರ, ಗಾಜಿನ ನಾರು, ಅಂಟು ಪದರ ಪದರವಾಗಿ ಸೇರಿದ ಲಿಂಬಿಗೆ ಆ ಕಾವು ತಗುಲಿದರೆ ಅಂಟು ಸಡಿಲವಾಗುತ್ತದೆ, ಹೆದೆ ಏರಿಸಿಯೇ ಬಿಟ್ಟಿದ್ದರೆ ತಿರುಚುತ್ತದೆ. ಮನೆಯಲ್ಲೂ ಮೂಲೆಗೆ ಒರಗಿಸಬೇಡಿ, ಭಾರವೆಲ್ಲ ಕೆಳಗಿನ ಲಿಂಬಿನ ಮೇಲೆ ಬೀಳುತ್ತದೆ. ಟೇಕ್‌ಡೌನ್ ಆದರೆ ಬಿಚ್ಚಿ ಚೀಲದಲ್ಲಿಡಿ. ಒಂದೇ ತುಂಡಿನದಾದರೆ ಹೆದೆ ಇಳಿಸಿ, ಗೋಡೆಗೆ ಎರಡು ಮೊಳೆ ಹೊಡೆದು, ಬಟ್ಟೆ ಸುತ್ತಿ, ಅಡ್ಡಡ್ಡ ಮಲಗಿಸಿ. ಆ ಗೋಡೆ ಬಚ್ಚಲಿನ ಪಕ್ಕದ್ದಾಗಿರದಿರಲಿ.